ಪೋಲಿಯೊ ಅಲ್ಲದ ಪಾರ್ಶ್ವವಾಯು: ಮಕ್ಕಳ ಕೈಕಾಲಿನ ಬಲ ಕಸಿಯುವ ಇತರ ವೈರಸ್‌ಗಳು

ಆಡಿಕೊಂಡಿದ್ದ ಮಗುವಿನ ಕೈಯೋ ಕಾಲೋ ಕೆಲವೇ ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಬಲ ಕಳೆದುಕೊಂಡು ಜೋತುಬೀಳುವುದನ್ನು ವೈದ್ಯರು ಹಠಾತ್ ಶಿಥಿಲ ಪಾರ್ಶ್ವವಾಯು ಎನ್ನುತ್ತಾರೆ. ಆರೋಗ್ಯ ಇಲಾಖೆಯ ಕಡತಗಳಲ್ಲಿ ಇದರ ಹೆಸರು ಎಎಫ್‌ಪಿ. ಸ್ನಾಯು ಸಡಿಲವಾಗಿರುತ್ತದೆ, ಮಂಡಿಯ ಕೆಳಗೆ ತಟ್ಟಿದರೆ ಕಾಲು ಮುಂದಕ್ಕೆ ಚಿಮ್ಮುವುದಿಲ್ಲ. ಇದು ಒಂದು ರೋಗವಲ್ಲ, ಹಲವು ರೋಗಗಳಲ್ಲಿ ಕಾಣಿಸಿಕೊಳ್ಳುವ ಲಕ್ಷಣ. ಹಿಂದೆ ಇದಕ್ಕೆ ಎಲ್ಲರಿಗೂ ಗೊತ್ತಿದ್ದ ಕಾರಣವೆಂದರೆ ಪೋಲಿಯೊ. ಭಾರತದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯದ ಇತರ ದೇಶಗಳ ಜೊತೆ ಭಾರತಕ್ಕೂ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಆದರೆ ಎಎಫ್‌ಪಿ ಪ್ರಕರಣಗಳು ಅಲ್ಲಿಗೆ ನಿಲ್ಲಲಿಲ್ಲ. ಕೊನೆಯ ಪೋಲಿಯೊ ಪ್ರಕರಣ ದಾಖಲಾದ 2011ರಲ್ಲೂ ಅದರ ಮರುವರ್ಷವೂ ದೇಶದಲ್ಲಿ ವರದಿಯಾದ ಎಎಫ್‌ಪಿ ಪ್ರಕರಣಗಳು ತಲಾ ಸುಮಾರು 60 ಸಾವಿರ. ಅವುಗಳ ಹಿಂದೆ ಹಲವು ಕಾರಣಗಳಿದ್ದವು. ಪೋಲಿಯೊ ಅಲ್ಲದ ವೈರಸ್‌ಗಳು ಅವುಗಳಲ್ಲೊಂದು.

ದೋಷ ಎಲ್ಲಿ?

ಮಿದುಳಿನ ಆದೇಶ ಸ್ನಾಯುವನ್ನು ತಲುಪುವ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಅಂಗ ಬಲ ಕಳೆದುಕೊಳ್ಳಬಹುದು. ಬೆನ್ನುಹುರಿಯನ್ನು ಅಡ್ಡಲಾಗಿ ಸೀಳಿ ನೋಡಿದರೆ ನಡುವೆ ಬೂದು ಬಣ್ಣದ ಭಾಗ ಕಾಣುತ್ತದೆ. ಅದರ ಮುಂಗೊಂಬುಗಳಲ್ಲಿರುವ ಚಾಲಕ ನರಕೋಶಗಳು ಸ್ನಾಯುಗಳನ್ನು ನೇರವಾಗಿ ನಡೆಸುತ್ತವೆ. ಪೋಲಿಯೊ ವೈರಸ್ ಕೊಲ್ಲುವುದು ಈ ಕೋಶಗಳನ್ನು. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಅಂಗವೈಕಲ್ಯ ಉಳಿದುಬಿಡುತ್ತದೆ. ಪೋಲಿಯೊದ ಹತ್ತಿರದ ಬಂಧುಗಳಾದ ಕೆಲವು ವೈರಸ್‌ಗಳೂ ಇಲ್ಲಿಗೇ ದಾಳಿ ಮಾಡುತ್ತವೆ.

ಗಿಲೆನ್-ಬಾರೆ ಸಿಂಡ್ರೋಮ್‌ನಲ್ಲಿ ದೋಷವಿರುವುದು ಬೆನ್ನುಹುರಿಯಿಂದ ಹೊರಬಂದ ನರಗಳಲ್ಲಿ. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ನರದ ಹೊದಿಕೆಯನ್ನೋ ನರತಂತುವನ್ನೋ ಕೆಡಿಸುತ್ತದೆ. ಟ್ರಾನ್ಸ್‌ವರ್ಸ್ ಮೈಲೈಟಿಸ್‌ನಲ್ಲಿ ಬೆನ್ನುಹುರಿಯೇ ಒಂದು ಮಟ್ಟದಲ್ಲಿ ಉರಿಯೂತಕ್ಕೆ ಒಳಗಾಗುತ್ತದೆ. ಆ ಮಟ್ಟದ ಕೆಳಗೆ ಸ್ಪರ್ಶಜ್ಞಾನ ಕುಂದಿ, ಮೂತ್ರದ ಹಿಡಿತ ತಪ್ಪುತ್ತದೆ. ಪೃಷ್ಠಕ್ಕೆ ತಪ್ಪಾಗಿ ಚುಚ್ಚಿದ ಸೂಜಿ ನರಕ್ಕೆ ತಾಗಿದರೂ ಒಂದು ಕಾಲು ಸೋಲಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ ಬರುವ ಬಲಹೀನತೆ ಅದನ್ನು ಸರಿಪಡಿಸಿದೊಡನೆ ಹೋಗುತ್ತದೆ.

ಈ ಗುಂಪುಗಳನ್ನು ಬೇರ್ಪಡಿಸಲು ಹಾಸಿಗೆಯ ಪಕ್ಕದ ಪರೀಕ್ಷೆಯೇ ಮೊದಲ ಸಾಧನ. ಜ್ವರವಿರುವಾಗಲೇ ಬಲ ಹೋಗಿ, ಒಂದು ಬದಿಗೆ ಹೆಚ್ಚು ಇನ್ನೊಂದು ಬದಿಗೆ ಕಡಿಮೆಯಾಗಿ, ಸ್ಪರ್ಶಜ್ಞಾನ ಉಳಿದಿದ್ದರೆ ಸಂಶಯ ಮುಂಗೊಂಬಿನ ಕಡೆಗೆ ಹೋಗುತ್ತದೆ. ಜ್ವರವೋ ಭೇದಿಯೋ ಬಂದುಹೋಗಿ ಒಂದೆರಡು ವಾರ ಕಳೆದ ಮೇಲೆ ಎರಡೂ ಕಾಲು ಸಮನಾಗಿ ಸೋತು, ಸೋಲು ಮೇಲಕ್ಕೇರುತ್ತಿದ್ದರೆ ಗಿಲೆನ್-ಬಾರೆಯ ಸಾಧ್ಯತೆ ಹೆಚ್ಚು. ಬೆನ್ನಿನಿಂದ ತೆಗೆದ ದ್ರವವೂ ಇದಕ್ಕೆ ಪೂರಕ ಸಾಕ್ಷಿ ಒದಗಿಸುತ್ತದೆ: ವೈರಸ್ ನೇರವಾಗಿ ದಾಳಿ ಮಾಡಿದ್ದರೆ ಅದರಲ್ಲಿ ಬಿಳಿ ರಕ್ತಕಣಗಳು ಹೆಚ್ಚಿರುತ್ತವೆ, ಗಿಲೆನ್-ಬಾರೆಯಲ್ಲಿ ಕಣಗಳು ಹೆಚ್ಚಿರುವುದಿಲ್ಲ, ಪ್ರೋಟೀನ್ ಮಾತ್ರ ಏರಿರುತ್ತದೆ.

ಪೋಲಿಯೊದ ಬಳಗ

ಪೋಲಿಯೊ ವೈರಸ್ ಸೇರಿರುವ ಎಂಟೆರೊವೈರಸ್ ಬಳಗದಲ್ಲಿ ಮನುಷ್ಯರಿಗೆ ತಗಲುವ ನೂರಕ್ಕೂ ಹೆಚ್ಚು ವಿಧಗಳಿವೆ. ಎಲ್ಲವೂ ಸುಮಾರು 30 ನ್ಯಾನೊಮೀಟರ್ ಅಗಲದ, ಕೊಬ್ಬಿನ ಹೊದಿಕೆಯಿಲ್ಲದ ಕಣಗಳು. ಒಳಗಿರುವುದು ಸುಮಾರು 7,500 ಅಕ್ಷರಗಳ ಒಂದೆಳೆಯ ಆರ್‌ಎನ್‌ಎ. ಬಹುತೇಕ ವಿಧಗಳು ಬಾಯಿಯ ಮೂಲಕ ಒಳಹೋಗಿ ಗಂಟಲು ಮತ್ತು ಕರುಳಿನಲ್ಲಿ ಬೆಳೆದು, ವಾರಗಟ್ಟಲೆ ಮಲದಲ್ಲಿ ಹೊರಬೀಳುತ್ತವೆ. ಸೋಂಕು ತಗಲಿದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಜ್ವರ, ನೆಗಡಿ, ಮೈಮೇಲೆ ದದ್ದು ಬಂದು ಹೋಗುತ್ತದೆ. ನರಮಂಡಲದವರೆಗೆ ಸೋಂಕು ತಲುಪುವುದು ತೀರ ಅಪರೂಪ. ಪೋಲಿಯೊದಲ್ಲೇ ಸುಮಾರು 200 ಸೋಂಕುಗಳಿಗೆ ಒಂದರಂತೆ ಪಾರ್ಶ್ವವಾಯು ಬರುತ್ತಿತ್ತು. ಉಳಿದ ವಿಧಗಳಲ್ಲಿ ಆ ಪ್ರಮಾಣ ಇನ್ನೂ ಎಷ್ಟೋ ಕಡಿಮೆ.

ಈ ಬಂಧುಗಳು ಬೆಳಕಿಗೆ ಬಂದದ್ದೇ ಪೋಲಿಯೊ ಹುಡುಕಾಟದಲ್ಲಿ. ನ್ಯೂಯಾರ್ಕ್ ರಾಜ್ಯದ ಕಾಕ್ಸಾಕಿ ಎಂಬ ಊರಿನಲ್ಲಿ ಪೋಲಿಯೊ ಎಂದು ಶಂಕಿಸಲಾಗಿದ್ದ ಇಬ್ಬರು ಮಕ್ಕಳ ಮಲದ ಮಾದರಿಯನ್ನು ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿ ನೋಡಿದರು. 1948ರಲ್ಲಿ ಪ್ರಕಟವಾದ ಆ ಕೆಲಸದಿಂದ ಹೊಸ ವೈರಸ್ ಸಿಕ್ಕಿತು. ಊರಿನ ಹೆಸರೇ ಅದಕ್ಕೆ ನಿಂತಿತು. ಇಲಿಮರಿಗಳ ಮೈಯೆಲ್ಲ ಸಡಿಲವಾಗುವಂತೆ ಮಾಡುವವು ಎ ಗುಂಪು, ಸೆಟೆಯುವಂತೆ ಮಾಡುವವು ಬಿ ಗುಂಪು ಎಂಬ ವಿಂಗಡಣೆಯೂ ಆಗಿನದೇ. ಮುಂದಿನ ದಶಕದಲ್ಲಿ ಗಾಜಿನ ನಳಿಕೆಯಲ್ಲಿ ಜೀವಕೋಶ ಬೆಳೆಸುವ ವಿಧಾನ ಬಳಕೆಗೆ ಬಂದಾಗ ಯಾವ ರೋಗಕ್ಕೂ ಸಂಬಂಧ ಕಾಣದ ಇನ್ನಷ್ಟು ವೈರಸ್‌ಗಳು ಮಲದಲ್ಲಿ ಸಿಕ್ಕವು. ಅವುಗಳಿಗೆ ಎಕೊ ಎಂದು ಹೆಸರಿಟ್ಟರು. ಅವುಗಳಲ್ಲಿ ಕೆಲವು ಮಿದುಳುಪೊರೆಯ ಉರಿಯೂತಕ್ಕೂ ಒಮ್ಮೊಮ್ಮೆ ಪಾರ್ಶ್ವವಾಯುವಿಗೂ ಕಾರಣವೆಂದು ಆಮೇಲೆ ತಿಳಿಯಿತು. ಅದೇ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಪಾರ್ಶ್ವವಾಯು ಪೀಡಿತರಿಂದ ಸಿಕ್ಕ ಒಂದು ವೈರಸ್ಸನ್ನು ಪೋಲಿಯೊದ ನಾಲ್ಕನೆಯ ವಿಧವೆಂದೇ ಭಾವಿಸಲಾಗಿತ್ತು. ಅದು ಕಾಕ್ಸಾಕಿ ಎ7 ಎಂದು ನಂತರ ಗೊತ್ತಾಯಿತು. 68ನೆಯದರಿಂದ ಮುಂದಕ್ಕೆ ಪತ್ತೆಯಾದ ಹೊಸ ವಿಧಗಳಿಗೆ ಬರಿಯ ಸಂಖ್ಯೆ ಕೊಡುವ ಪದ್ಧತಿ ಬಂತು. ಪೋಲಿಯೊದಂಥ ಪಾರ್ಶ್ವವಾಯುವಿನ ಮಟ್ಟಿಗೆ ಹೆಚ್ಚು ಸದ್ದು ಮಾಡಿದವು ಈ ಸಂಖ್ಯಾನಾಮಿಗಳಲ್ಲಿ ಮೂರು: 71, 70 ಮತ್ತು 68.

ಎಂಟೆರೊವೈರಸ್ 71

1969ರಲ್ಲಿ ಕ್ಯಾಲಿಫೋರ್ನಿಯದ ಒಂದು ಶಿಶುವಿನಲ್ಲಿ ಮೊದಲು ಸಿಕ್ಕ ಈ ವೈರಸ್ ಸಾಮಾನ್ಯವಾಗಿ ತರುವುದು ಕೈ-ಕಾಲು-ಬಾಯಿ ರೋಗವನ್ನು: ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆ, ಜೊತೆಗೆ ಜ್ವರ. ದನಕರುಗಳ ಕಾಲುಬಾಯಿ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. 2022ರಲ್ಲಿ ಕೇರಳದಿಂದ ಸುದ್ದಿಯಾಗಿ ಕರ್ನಾಟಕದ ಗಡಿಯಲ್ಲೂ ಎಚ್ಚರಿಕೆಗೆ ಕಾರಣವಾದ ‘ಟೊಮ್ಯಾಟೊ ಜ್ವರ’ ಇದೇ ಜಾತಿಯ ಕಾಯಿಲೆ. ಆದರೆ ಆಗ ಪತ್ತೆಯಾದದ್ದು ಮುಖ್ಯವಾಗಿ ಕಾಕ್ಸಾಕಿ ಎ16. ಅದು ನರಮಂಡಲಕ್ಕೆ ಹೋಗುವುದು ಅಪರೂಪ. ಎಂಟೆರೊವೈರಸ್ 71 ಅಷ್ಟು ಸಾಧುವಲ್ಲ. 1975ರಲ್ಲಿ ಬಲ್ಗೇರಿಯದಲ್ಲಿ ಅದು ಹರಡಿದಾಗ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು 44 ಮಂದಿ ಸತ್ತರು; ಲಕ್ಷಣ ಪೋಲಿಯೊವನ್ನೇ ಹೋಲುತ್ತಿದ್ದರಿಂದ ಮೊದಲಿಗೆ ಸಂಶಯ ಹೋದದ್ದು ಅದರ ಮೇಲೆ. 1997ರಲ್ಲಿ ಮಲೇಷ್ಯದ ಸರವಾಕ್, 1998ರಲ್ಲಿ ತೈವಾನ್ ತತ್ತರಿಸಿದವು. ತೈವಾನ್‌ನಲ್ಲಿ ಆ ವರ್ಷ 1,29,106 ಪ್ರಕರಣ ವರದಿಯಾಗಿ, 405 ಮಕ್ಕಳ ಸ್ಥಿತಿ ಗಂಭೀರವಾಗಿ, 78 ಮಕ್ಕಳು ತೀರಿಕೊಂಡರು.

ತೈವಾನ್‌ನ ವಾರ್ಡುಗಳಲ್ಲಿ ವೈದ್ಯರು ಕಂಡ ಕ್ರಮ ಹೀಗಿತ್ತು. ಗುಳ್ಳೆ ಎದ್ದ ಎರಡು ಮೂರು ದಿನಗಳಿಗೆ ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದಂತೆ ಪದೇ ಪದೇ ಅದುರತೊಡಗುತ್ತದೆ. ಕೆಲವರಲ್ಲಿ ಕೈ ನಡುಗುತ್ತದೆ, ನಡಿಗೆ ತಟ್ಟಾಡುತ್ತದೆ, ಒಂದು ಕೈ ಅಥವಾ ಕಾಲು ಸೋಲುತ್ತದೆ. ಮಿದುಳುಕಾಂಡಕ್ಕೆ ಪೆಟ್ಟು ಬಿದ್ದ ಮಕ್ಕಳಲ್ಲಿ ಹೃದಯ ಬಡಿತ ಏರಿ, ಶ್ವಾಸಕೋಶದಲ್ಲಿ ದಿಢೀರನೆ ದ್ರವ ತುಂಬಿ, ಕೆಲವೇ ಗಂಟೆಗಳಲ್ಲಿ ಸಾವು ಬರುತ್ತಿತ್ತು. ಸತ್ತವರಲ್ಲಿ ಹೆಚ್ಚಿನವರು ತೀರ ಎಳೆಯ ಮಕ್ಕಳು. ಗುಳ್ಳೆ ಎದ್ದ ಮಗು ಹೀಗೆ ಅದುರುವುದನ್ನು ಆಸ್ಪತ್ರೆಗೆ ಒಯ್ಯಬೇಕಾದ ಸೂಚನೆಯೆಂದು ಪೂರ್ವ ಏಷ್ಯಾದ ತಾಯಂದಿರಿಗೆ ಹೇಳಿಕೊಡುವುದು ಈ ಅನುಭವದಿಂದಲೇ.

ಪೋಲಿಯೊ ಅಲ್ಲದ ಎಂಟೆರೊವೈರಸ್‌ಗಳಲ್ಲಿ ಲಸಿಕೆ ಬಂದಿರುವುದು ಇದಕ್ಕೆ ಮಾತ್ರ. ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಗೆ 2015ರ ಡಿಸೆಂಬರ್‌ನಲ್ಲಿ ಚೀನಾ ಅನುಮತಿ ಕೊಟ್ಟಿತು. ದೊಡ್ಡ ಪ್ರಯೋಗಗಳಲ್ಲಿ ಅದು ಎಂಟೆರೊವೈರಸ್ 71ರಿಂದ ಬರುವ ಕಾಯಿಲೆಯನ್ನು ಶೇಕಡ 90ಕ್ಕೂ ಹೆಚ್ಚು ತಡೆಯಿತು. ಅದೇ ರೋಗ ತರುವ ಉಳಿದ ವೈರಸ್‌ಗಳ ಮೇಲೆ ಅದರ ಪ್ರಭಾವವಿಲ್ಲ.

ಕಣ್ಣುಬೇನೆಯ ಬೆನ್ನಿಗೆ ಬಂದ ಪಾರ್ಶ್ವವಾಯು

1969ರಲ್ಲಿ ಘಾನಾದಲ್ಲಿ ಹೊಸ ಬಗೆಯ ಕಣ್ಣುಬೇನೆಯೊಂದು ಕಾಣಿಸಿಕೊಂಡಿತು. ಕಣ್ಣಿನ ಬಿಳಿಭಾಗದಲ್ಲಿ ರಕ್ತ ಒಸರುವ ಈ ಬೇನೆ ಎರಡು ವರ್ಷಗಳಲ್ಲಿ ಏಷ್ಯಾವನ್ನೆಲ್ಲ ಸುತ್ತಿತು. ಕಾರಣ ಎಂಟೆರೊವೈರಸ್ 70. 1971ರಲ್ಲಿ ಅದು ಮುಂಬಯಿಗೆ ಬಂದಾಗ ನರರೋಗ ತಜ್ಞ ನೋಶಿರ್ ವಾಡಿಯಾ ಮತ್ತು ಅವರ ಸಹೋದ್ಯೋಗಿಗಳ ಬಳಿಗೆ ಕಾಲು ಸೋತ ರೋಗಿಗಳು ಬರತೊಡಗಿದರು. ಕಣ್ಣುಬೇನೆ ವಾಸಿಯಾದ ಕೆಲವು ದಿನ ಅಥವಾ ವಾರಗಳ ನಂತರ ಬೆನ್ನು ಮತ್ತು ಕಾಲಲ್ಲಿ ನೋವು, ಆಮೇಲೆ ಒಂದು ಬದಿಗೆ ಹೆಚ್ಚಾಗಿ ತೊಡೆಯ ಬಲ ಹೋಗುವುದು. ಎಲ್ಲವೂ ಪೋಲಿಯೊದ ಹಾಗೆಯೇ. ವ್ಯತ್ಯಾಸವೆಂದರೆ ರೋಗಿಗಳಲ್ಲಿ ಬಹುಪಾಲು ದೊಡ್ಡವರು. ಕಣ್ಣಿಗೂ ಕಾಲಿಗೂ ಇರುವ ನಂಟನ್ನು ಹಿಡಿದ ಅವರ ವರದಿ 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕರುಳಿನ ಬದಲು ಕಣ್ಣಿನಲ್ಲಿ ಬೆಳೆಯುವ ವೈರಸ್ ಕೂಡ ಬೆನ್ನುಹುರಿಯನ್ನು ಕೆಡಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಹಬ್ಬುವ ‘ಮದ್ರಾಸ್ ಐ’ಯಲ್ಲಿ ಬಹುತೇಕ ಬೇರೆ ವೈರಸ್‌ಗಳಿರುತ್ತವೆ; ಅದರಿಂದ ಇಂಥ ಭಯವಿಲ್ಲ.

ಎಂಟೆರೊವೈರಸ್ ಡಿ68

1962ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಉಸಿರಾಟದ ತೊಂದರೆಯಿದ್ದ ನಾಲ್ವರು ಮಕ್ಕಳಲ್ಲಿ ಸಿಕ್ಕ ಈ ವೈರಸ್ ದಶಕಗಳ ಕಾಲ ಯಾರ ಗಮನವನ್ನೂ ಸೆಳೆಯಲಿಲ್ಲ. 2014ರ ಆಗಸ್ಟ್‌ನಿಂದ ಅಮೆರಿಕದಾದ್ಯಂತ ಉಬ್ಬಸದ ಮಕ್ಕಳು ಆಸ್ಪತ್ರೆ ತುಂಬಿದರು. ಅದೇ ಹೊತ್ತಿಗೆ ಕೈ ಎತ್ತಲಾಗದ ಮಕ್ಕಳೂ ಬಂದರು. ಎಂಆರ್‌ಐ ಚಿತ್ರಗಳಲ್ಲಿ ಬೆನ್ನುಹುರಿಯ ಬೂದುಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಈ ಸ್ಥಿತಿಗೆ ಅಕ್ಯೂಟ್ ಫ್ಲಾಸಿಡ್ ಮೈಲೈಟಿಸ್, ಅಂದರೆ ಎಎಫ್‌ಎಂ, ಎಂಬ ಹೆಸರು ಬಂತು. 2014ರಲ್ಲಿ 120, 2016ರಲ್ಲಿ 153, 2018ರಲ್ಲಿ 238 ಪ್ರಕರಣಗಳು ಅಮೆರಿಕದಲ್ಲಿ ಖಚಿತವಾದವು. ಶೇಕಡ 90ಕ್ಕೂ ಹೆಚ್ಚು ಮಕ್ಕಳಿಗೆ ಅದಕ್ಕೆ ಮೊದಲು ನೆಗಡಿ, ಕೆಮ್ಮು ಅಥವಾ ಜ್ವರ ಬಂದಿತ್ತು. ಸರಾಸರಿ ವಯಸ್ಸು ಸುಮಾರು ಐದು. ಕಾಲಿಗಿಂತ ಕೈ ಹೆಚ್ಚು ಸೋಲುವುದು ಇದರ ಗುರುತು. ಎರಡು ವರ್ಷಕ್ಕೊಮ್ಮೆ ಏರುತ್ತಿದ್ದ ಈ ಅಲೆ ಕೋವಿಡ್ ಕಾಲದಲ್ಲಿ ಮುರಿಯಿತು. 2022ರಲ್ಲಿ ವೈರಸ್ ಮತ್ತೆ ಹರಡಿತಾದರೂ ಪಾರ್ಶ್ವವಾಯು ಪ್ರಕರಣಗಳು ಹಿಂದಿನಂತೆ ಏರಲಿಲ್ಲ.

ಅಪರಾಧಿ ಡಿ68 ಎಂದು ನಿಲ್ಲಿಸಿ ಹೇಳುವುದು ಸುಲಭವಿರಲಿಲ್ಲ. ಮೂಗಿನ ದ್ರವದಲ್ಲಿ ಸಿಗುತ್ತಿದ್ದ ವೈರಸ್ ಬೆನ್ನುಹುರಿಯ ದ್ರವದಲ್ಲಿ ಸಿಗುತ್ತಿದ್ದದ್ದು ತೀರ ಅಪರೂಪ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ವೈರಸ್ಸಿನ ಬದಲು ಅದರ ವಿರುದ್ಧದ ಪ್ರತಿಕಾಯಗಳನ್ನು ಹುಡುಕಿತು. ಎಎಫ್‌ಎಂ ಇದ್ದ ಮಕ್ಕಳಲ್ಲಿ ಸುಮಾರು ಶೇ 70ರಷ್ಟು ಮಂದಿಯ ಬೆನ್ನುಹುರಿಯ ದ್ರವದಲ್ಲಿ ಎಂಟೆರೊವೈರಸ್ ಪ್ರತಿಕಾಯ ಕಂಡಿತು. ಬೇರೆ ನರರೋಗಗಳ ಮಕ್ಕಳಲ್ಲಿ ಆ ಪ್ರಮಾಣ ಶೇ 7 ಮಾತ್ರ. 2014ರ ರೋಗಿಗಳಿಂದ ಪಡೆದ ವೈರಸ್ ಇಲಿಮರಿಗಳಲ್ಲೂ ಚಾಲಕ ನರಕೋಶಗಳನ್ನು ಕೊಂದದ್ದು ಇದಕ್ಕೆ ಜೊತೆಯಾಯಿತು.

ಬೇರೆ ಕುಲದ ವೈರಸ್‌ಗಳು

ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಹೆಸರೇ ಹೇಳುವಂತೆ ಮಿದುಳು ಜ್ವರ. ಆದರೂ ಅದು ಬೆನ್ನುಹುರಿಯ ಮುಂಗೊಂಬನ್ನು ಬಿಡುವುದಿಲ್ಲ. ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಎಎಫ್‌ಪಿಯಿಂದ ದಾಖಲಾದ 22 ಮಕ್ಕಳನ್ನು ಪರೀಕ್ಷಿಸಿದಾಗ 12 ಮಕ್ಕಳಿಗೆ ಈ ಸೋಂಕು ತಗಲಿತ್ತೆಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪ್ರಜ್ಞೆ ತಪ್ಪದೆ, ಬರಿಯ ಕಾಲು ಸೋತು ಬಂದ ಮಗುವಿನಲ್ಲೂ ಮಿದುಳು ಜ್ವರದ ವೈರಸ್ ಇರಬಹುದೆಂಬುದು ಅದರ ಪಾಠ. ಕೋಲಾರ, ಮಂಡ್ಯ, ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಈ ರೋಗ ಹಿಂದಿನಿಂದಲೂ ಇರುವುದರಿಂದ ಕರ್ನಾಟಕಕ್ಕೂ ಈ ಪಾಠ ಸಲ್ಲುತ್ತದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಇನ್ನೂ 10 ಜಿಲ್ಲೆಗಳ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಅಭಿಯಾನ ನಡೆಯಿತು. ಇದೇ ಕುಲದ ವೆಸ್ಟ್ ನೈಲ್ ವೈರಸ್ ಕೂಡ ಪೋಲಿಯೊದಂಥ ಪಾರ್ಶ್ವವಾಯು ತರಬಲ್ಲದು. ಅದಕ್ಕೆ ಗುರಿಯಾಗುವವರು ಹೆಚ್ಚಾಗಿ ದೊಡ್ಡವರು.

ರೇಬೀಸ್ ಎಂದರೆ ನೀರು ಕಂಡರೆ ಬೆದರುವ ಚಿತ್ರ ಜನರ ಕಣ್ಣೆದುರು ಬರುತ್ತದೆ. ಸುಮಾರು ಐದರಲ್ಲೊಂದು ಪ್ರಕರಣದಲ್ಲಿ ಆ ಬೆದರಿಕೆಯಿರುವುದಿಲ್ಲ. ಕಚ್ಚಿದ ಅಂಗದಿಂದ ಮೊದಲಾಗಿ ಪಾರ್ಶ್ವವಾಯು ಹರಡುತ್ತದೆ, ಗಿಲೆನ್-ಬಾರೆ ಎಂದು ತಪ್ಪು ತಿಳಿಯುವುದು ಸುಲಭ. ಎಎಫ್‌ಪಿ ಇರುವ ಮಗುವಿಗೆ ನಾಯಿ ಕಚ್ಚಿತ್ತೇ ಎಂದು ಮನೆಯವರನ್ನು ಕೇಳದೆ ಬಿಡಬಾರದೆನ್ನುವುದು ಇದಕ್ಕೇ.

ಫ್ಲೂ ಬಿಡುವ ಹೊತ್ತಿಗೆ ಕೆಲವು ಮಕ್ಕಳಿಗೆ ಮೀನಖಂಡ ನೋಯುತ್ತದೆ, ಹೆಜ್ಜೆ ಇಡಲಾಗದು. ಅದು ಸ್ನಾಯುವಿನ ಉರಿಯೂತ, ವಾರದೊಳಗೆ ತಾನಾಗಿ ಹೋಗುತ್ತದೆ. ಸಿಡುಬನ್ನು ಹೋಲುವ ಚಿಕನ್‌ಪಾಕ್ಸ್, ಎಪ್‌ಸ್ಟೈನ್-ಬಾರ್, ಸೈಟೊಮೆಗಾಲೊ, ಚಿಕುನ್‌ಗುನ್ಯ, ಜೀಕಾ ವೈರಸ್‌ಗಳು ನರಕೋಶವನ್ನು ನೇರವಾಗಿ ಕೊಲ್ಲುವುದಕ್ಕಿಂತ ಗಿಲೆನ್-ಬಾರೆಗೆ ಕಿಡಿ ಹಚ್ಚುವುದೇ ಹೆಚ್ಚು. ಆ ಕಿಡಿ ವೈರಸ್ಸಿನದೇ ಆಗಬೇಕೆಂದಿಲ್ಲ. 2025ರ ಆರಂಭದಲ್ಲಿ ಪುಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಗಿಲೆನ್-ಬಾರೆ ಬಂದಾಗ ಮುಖ್ಯವಾಗಿ ಬೆರಳು ತೋರಿದ್ದು ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ ಕಡೆಗೆ.

ಬಲೆ ಹಿಡಿಯುವುದು ಏನನ್ನು?

ಭಾರತದ ಎಎಫ್‌ಪಿ ಕಣ್ಗಾವಲು 1997ರಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಯೋಜನೆಯಾಗಿ ಆರಂಭವಾಯಿತು. 15 ವರ್ಷದೊಳಗಿನ ಯಾವ ಮಗುವಿನ ಅಂಗ ಹಠಾತ್ತನೆ ಸೋತರೂ ಅದು ವರದಿಯಾಗಬೇಕು. ಸೋತ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಎರಡು ಮಲದ ಮಾದರಿ ತೆಗೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. 60 ದಿನಗಳ ನಂತರ ಮಗುವನ್ನು ಮತ್ತೆ ನೋಡಿ ಬಲಹೀನತೆ ಉಳಿದಿದೆಯೇ ಎಂದು ದಾಖಲಿಸಬೇಕು. ಪ್ರತಿ ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಒಂದು ಪೋಲಿಯೊ ಅಲ್ಲದ ಪ್ರಕರಣ ಸಿಗಲೇಬೇಕೆಂಬುದು ಅಂತರರಾಷ್ಟ್ರೀಯ ಅಳತೆ. ಭಾರತ ಅದನ್ನು ಎರಡಕ್ಕೆ ಏರಿಸಿಕೊಂಡಿತು. ಪೋಲಿಯೊ ಅಲ್ಲದ ಪ್ರಕರಣಗಳೂ ಸಿಗದಿದ್ದರೆ ಪೋಲಿಯೊ ಇಲ್ಲವೆಂದಲ್ಲ, ಯಾರೂ ಹುಡುಕುತ್ತಿಲ್ಲವೆಂದು ಅರ್ಥ. ಉತ್ತರ ಪ್ರದೇಶ, ಬಿಹಾರಗಳಲ್ಲಿ ಈ ದರ 20ನ್ನೂ ದಾಟಿದಾಗ ಪೋಲಿಯೊ ಹನಿಯೇ ಹೊಸ ಪಾರ್ಶ್ವವಾಯು ತರುತ್ತಿದೆಯೇ ಎಂಬ ವಿವಾದ ಎದ್ದಿತು. ಅಲ್ಪಸ್ವಲ್ಪ ಬಲಹೀನತೆಯ ಮಕ್ಕಳನ್ನೂ ಬಿಡದೆ ದಾಖಲಿಸಿದ್ದು ಆ ಏರಿಕೆಗೆ ಕಾರಣ ಎಂಬುದು ಕಣ್ಗಾವಲು ಯೋಜನೆಯವರು ಕೊಟ್ಟ ಉತ್ತರ.

ಕರ್ನಾಟಕದ ಮಾದರಿಗಳು ಹೋಗುವುದು ರಾಷ್ಟ್ರೀಯ ವೈರಾಣು ಸಂಸ್ಥೆಯ ಬೆಂಗಳೂರು ಘಟಕಕ್ಕೆ. ಅಲ್ಲಿಯೂ ಇಂಥ ಉಳಿದ ಪ್ರಯೋಗಾಲಯಗಳಲ್ಲಿಯೂ ಎರಡು ಬಗೆಯ ಜೀವಕೋಶಗಳನ್ನು ನಳಿಕೆಗಳಲ್ಲಿ ಬೆಳೆಸಿಟ್ಟಿರುತ್ತಾರೆ. ಆರ್‌ಡಿ ಎಂಬುದು ಮಾನವ ಸ್ನಾಯುಗಡ್ಡೆಯಿಂದ ಬಂದ ಕೋಶ. ಅದರಲ್ಲಿ ಬಹಳಷ್ಟು ಎಂಟೆರೊವೈರಸ್‌ಗಳು ಬೆಳೆಯುತ್ತವೆ. ಎಲ್20ಬಿ ಎಂಬುದು ಇಲಿಯ ಕೋಶ. ಪೋಲಿಯೊ ವೈರಸ್ ಹಿಡಿದುಕೊಳ್ಳುವ ಮಾನವ ಗ್ರಾಹಕವನ್ನು ಅದಕ್ಕೆ ಸೇರಿಸಿದ್ದಾರೆ, ಹಾಗಾಗಿ ಅದರಲ್ಲಿ ಮುಖ್ಯವಾಗಿ ಪೋಲಿಯೊ ಮಾತ್ರ ಬೆಳೆಯುತ್ತದೆ. ಶುದ್ಧಗೊಳಿಸಿದ ಮಲದ ದ್ರಾವಣವನ್ನು ಎರಡಕ್ಕೂ ಹಾಕಿ ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಳಿಕೆಯ ಗೋಡೆಗೆ ಚಪ್ಪಟೆಯಾಗಿ ಅಂಟಿದ್ದ ಕೋಶಗಳು ಗುಂಡಗಾಗಿ, ಕಳಚಿ ತೇಲತೊಡಗಿದರೆ ವೈರಸ್ ಬೆಳೆದಿದೆ ಎಂದು ಲೆಕ್ಕ. ಆರ್‌ಡಿಯಲ್ಲಿ ಹೀಗಾಗಿ ಎಲ್20ಬಿಯಲ್ಲಿ ಆಗದಿದ್ದರೆ ಪೋಲಿಯೊ ಅಲ್ಲದ ಎಂಟೆರೊವೈರಸ್ ಎಂದು ಬರೆಯುತ್ತಾರೆ. ಯಾವ ವಿಧ ಎಂದು ತಿಳಿಯಲು ವಿಪಿ1 ಎಂಬ ಜೀನಿನ ಅಕ್ಷರಗಳನ್ನು ಓದಬೇಕು. ಪೋಲಿಯೊ ಕಾರ್ಯಕ್ರಮಕ್ಕೆ ಅದು ಅಗತ್ಯವಿಲ್ಲದ ಕಾರಣ ಅಧ್ಯಯನಗಳ ಹೊರಗೆ ಅಷ್ಟು ದೂರ ಹೋಗುವುದು ಕಡಿಮೆ.

ಈ ಬಲೆ ಹೆಣೆದದ್ದು ಪೋಲಿಯೊಗಾಗಿ. ಉಳಿದವು ಸಿಕ್ಕರೆ ಸಿಕ್ಕವು. ಕಾಕ್ಸಾಕಿ ಎ ಗುಂಪಿನ ಕೆಲವು ವಿಧಗಳು ಆರ್‌ಡಿ ಕೋಶದಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಡಿ68 ಆಮ್ಲಕ್ಕೆ ಸೋಲುವುದರಿಂದ ಮಲದಲ್ಲಿ ಸಿಗುವುದು ಅಪರೂಪ, ಅದಕ್ಕೆ ಮೂಗು-ಗಂಟಲಿನ ಮಾದರಿ ಬೇಕು. ಮಿದುಳು ಜ್ವರಕ್ಕೆ ರಕ್ತ ಮತ್ತು ಬೆನ್ನುಹುರಿಯ ದ್ರವ, ರೇಬೀಸ್‌ಗೆ ಜೊಲ್ಲು ಮತ್ತು ಕತ್ತಿನ ಚರ್ಮದ ಚೂರು ಬೇಕು. ಮಲದ ಮಾದರಿಯೊಂದನ್ನೇ ನೋಡಿ ವೈರಸ್ ಇಲ್ಲ ಎಂದರೆ, ಕರುಳಿನಲ್ಲಿ ಬೆಳೆಯುವ ಕೆಲವು ವೈರಸ್‌ಗಳು ಆ ಹೊತ್ತಿಗೆ ಅಲ್ಲಿರಲಿಲ್ಲ ಎಂದಷ್ಟೇ ಆಯಿತು.

ಸಿಕ್ಕದ್ದೆಲ್ಲ ಕಾರಣವೇ?

ಎದುರು ದಿಕ್ಕಿನ ತಪ್ಪೂ ಅಷ್ಟೇ ಸುಲಭ. ಬಿಸಿಲ ನಾಡುಗಳಲ್ಲಿ ಆರೋಗ್ಯವಾಗಿ ಓಡಾಡುವ ಮಕ್ಕಳ ಮಲದಲ್ಲೂ ಎಂಟೆರೊವೈರಸ್‌ಗಳು ಸಾಮಾನ್ಯ. ಉಷ್ಣವಲಯದ ಪ್ರಯೋಗಾಲಯದಲ್ಲಿ ಎಎಫ್‌ಪಿ ಮಾದರಿಗಳ ಪೈಕಿ ಕನಿಷ್ಠ ಶೇ 10ರಲ್ಲಾದರೂ ಪೋಲಿಯೊ ಅಲ್ಲದ ಎಂಟೆರೊವೈರಸ್ ಸಿಗಬೇಕು, ಇಲ್ಲವಾದರೆ ಮಾದರಿ ದಾರಿಯಲ್ಲಿ ಕೆಟ್ಟಿದೆ ಎಂದು ಸಂಶಯಪಡಬೇಕು ಎನ್ನುವ ಗುಣಮಟ್ಟದ ಅಳತೆಯೇ ಇದೆ. ಹೀಗಿರುವಾಗ ಮಲದಲ್ಲಿ ಸಿಕ್ಕ ಎಕೊವೈರಸ್ಸೇ ಆ ಮಗುವಿನ ಕಾಲನ್ನು ಸೋಲಿಸಿತು ಎನ್ನಲು ಆಧಾರ ಸಾಲದು.

ಕಾರಣವೆಂದು ಒಪ್ಪಲು ಹಲವು ಸಾಕ್ಷಿ ಕೂಡಬೇಕು. ಅದೇ ಊರಿನ, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳಿಗಿಂತ ಪೀಡಿತರಲ್ಲಿ ಆ ವಿಧ ಹೆಚ್ಚಾಗಿ ಸಿಗಬೇಕು. ವೈರಸ್ ಹರಡಿದ ಕಾಲಕ್ಕೂ ಪಾರ್ಶ್ವವಾಯು ಏರಿದ ಕಾಲಕ್ಕೂ ತಾಳೆಯಾಗಬೇಕು. ವೈರಸ್ ಅಥವಾ ಅದರ ಪ್ರತಿಕಾಯ ನರಮಂಡಲದಲ್ಲೇ ಸಿಗಬೇಕು. ಪ್ರಾಣಿಗಳಲ್ಲಿ ಅದು ಅಂಥದೇ ಹಾನಿ ಮಾಡಬೇಕು. 71 ಮತ್ತು ಡಿ68 ಈ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಗೆದ್ದಿವೆ. ಕಾಕ್ಸಾಕಿ ಎ7, ಎಂಟೆರೊವೈರಸ್ 70ರ ವಿರುದ್ಧವೂ ಸಾಕ್ಷಿ ಗಟ್ಟಿಯಿದೆ. ಎಎಫ್‌ಪಿ ಮಕ್ಕಳ ಮಲದಲ್ಲಿ ಆಗಾಗ ಸಿಗುವ ಬಹುತೇಕ ಎಕೊ ಮತ್ತು ಕಾಕ್ಸಾಕಿ ಬಿ ವಿಧಗಳು ಇನ್ನೂ ಸಂಶಯಿತರ ಪಟ್ಟಿಯಲ್ಲೇ ಇವೆ.

ಚಿಕಿತ್ಸೆ ಮತ್ತು ತಡೆ

ಎಂಟೆರೊವೈರಸ್‌ಗಳನ್ನು ಕೊಲ್ಲುವ, ಪರಿಣಾಮ ಸಾಬೀತಾದ ಔಷಧ ಇನ್ನೂ ಬಂದಿಲ್ಲ. ಆದರೂ ಕಾರಣವನ್ನು ಬೇಗ ಗುರುತಿಸಿದರೆ ಚಿಕಿತ್ಸೆಯ ದಾರಿ ಬದಲಾಗುತ್ತದೆ. ಗಿಲೆನ್-ಬಾರೆಯಲ್ಲಿ ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ ಕೆಲಸ ಮಾಡುತ್ತದೆ. ಹೆಚ್ಚಿನ ಮಕ್ಕಳು ಮತ್ತೆ ನಡೆಯುತ್ತಾರೆ. ಮುಂಗೊಂಬು ಕೆಟ್ಟ ಮಕ್ಕಳಲ್ಲಿ ಮೊದಲ ದಿನಗಳ ಕೆಲಸವೆಂದರೆ ಉಸಿರು ಮತ್ತು ನುಂಗುವಿಕೆಯನ್ನು ಕಾಯುವುದು, ಬೇಕಾದರೆ ವೆಂಟಿಲೇಟರ್ ಹಾಕುವುದು. ಜ್ವರದ ಮಗುವಿಗೆ ಅನಗತ್ಯವಾಗಿ ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಬಾರದು. ಚುಚ್ಚಿದ ಅಂಗಕ್ಕೇ ಪಾರ್ಶ್ವವಾಯು ಬಡಿಯುವುದನ್ನು ಪೋಲಿಯೊ ಕಾಲದಲ್ಲೇ ಕಂಡಿದ್ದಾರೆ. ಆಮೇಲಿನದು ತಿಂಗಳುಗಟ್ಟಲೆ ಫಿಸಿಯೊಥೆರಪಿ, ಕೀಲು ಬಿಗಿಯದಂತೆ ಪಟ್ಟಿ, ಕ್ಯಾಲಿಪರ್. ಎಎಫ್‌ಎಂ ಮಕ್ಕಳಲ್ಲಿ ಬಲವಿರುವ ನರದ ಕವಲನ್ನು ಸೋತ ಸ್ನಾಯುವಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಕೆಲವರಿಗೆ ಭುಜ, ಮೊಣಕೈ ಚಲನೆಯನ್ನು ಮರಳಿಸಿದೆ. ಅದನ್ನು ಸ್ನಾಯು ಬತ್ತಿಹೋಗುವ ಮೊದಲೇ ಮಾಡಬೇಕು.

ತಡೆಯ ವಿಷಯದಲ್ಲಿ ಎಂಟೆರೊವೈರಸ್ ಕಣಕ್ಕೆ ಕೊಬ್ಬಿನ ಹೊದಿಕೆಯಿಲ್ಲ ಎಂಬುದನ್ನು ನೆನಪಿಡಬೇಕು. ಆಲ್ಕೋಹಾಲ್ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ನಡೆಯದು. ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆಯುವುದು, ಆಟಿಕೆ ಮತ್ತು ನೆಲವನ್ನು ಬ್ಲೀಚಿಂಗ್ ದ್ರಾವಣದಲ್ಲಿ ಒರೆಸುವುದು ಹೆಚ್ಚು ಫಲ ಕೊಡುತ್ತದೆ. ಮಿದುಳು ಜ್ವರ, ಪೋಲಿಯೊ, ಚಿಕನ್‌ಪಾಕ್ಸ್‌ಗಳಿಗೆ ಲಸಿಕೆಯಿದೆ. ನಾಯಿ ಕಚ್ಚಿದ ಮೇಲೆ ತಡಮಾಡದೆ ಲಸಿಕೆ ಹಾಕಿಸಿದರೆ ರೇಬೀಸ್ ಪಾರ್ಶ್ವವಾಯುವನ್ನು ಬಹುಮಟ್ಟಿಗೆ ತಡೆಯಬಹುದು.

ಕಾಲು ಶತಮಾನದಲ್ಲಿ ಕಟ್ಟಿದ ಎಎಫ್‌ಪಿ ವ್ಯವಸ್ಥೆ ಹಳ್ಳಿಯ ಆಶಾ ಕಾರ್ಯಕರ್ತೆಯಿಂದ ಪ್ರಯೋಗಾಲಯದವರೆಗೆ ಈಗಲೂ ಚಾಲ್ತಿಯಲ್ಲಿದೆ. ಮಲದ ಜೊತೆ ಗಂಟಲಿನ ಮಾದರಿಯನ್ನೂ, ಆಸ್ಪತ್ರೆಯಲ್ಲಿ ತೆಗೆದ ಬೆನ್ನುಹುರಿಯ ದ್ರವದ ಒಂದು ಪಾಲನ್ನೂ ಕಳಿಸುವುದು, ಸಿಕ್ಕ ವೈರಸ್ಸಿನ ವಿಧವನ್ನು ಓದಿ ತಿಳಿಯುವುದು, ಅದನ್ನು 60ನೆಯ ದಿನದ ಪರೀಕ್ಷೆಯ ಫಲದೊಂದಿಗೆ ತಾಳೆ ನೋಡುವುದು: ಇಷ್ಟು ಸೇರಿಕೊಂಡರೆ ಅದೇ ವ್ಯವಸ್ಥೆ ಪೋಲಿಯೊ ಅಲ್ಲ ಎಂದು ಹೇಳಿ ನಿಲ್ಲದೆ, ಮಗುವಿನ ಅಂಗ ಸೋತದ್ದು ಯಾವುದರಿಂದ ಎಂಬುದನ್ನೂ ಹೇಳಬಲ್ಲದು. ತೈವಾನ್‌ನ 1998ರಂಥ ಅಲೆ ಇಲ್ಲಿ ಎದ್ದರೆ ಅದನ್ನು ಮೊದಲ ವಾರಗಳಲ್ಲೇ ಗುರುತಿಸಲು ಇರುವ ದಾರಿಯೂ ಅದೇ.